ತವರಿನಿಂದ ತಂದ ಕೇಪಳದ ಚಿಗುರು ಹಳದಿಯಾಗುತ್ತಿದೆ: ಗೊಬ್ಬರ ಸಾಲದೋ, ಬೇರೆ ಕಾರಣವೋ?

ಹಿತ್ತಿಲುಮನೆ, ಶಿವಮೊಗ್ಗ (ಮಾರ್ಚ್ 9)

ಎಲ್ಲರಿಗೂ ನಮಸ್ಕಾರ. ನನ್ನ ತವರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಮನೆಯ ಹಿಂದಿನ ಧರೆಯ (ಮಣ್ಣಿನ ದಿಬ್ಬದ) ಮೇಲೆ ಮತ್ತು ಸೊಪ್ಪಿನ ಬೆಟ್ಟಕ್ಕೆ ಹೋಗುವ ದಾರಿಯುದ್ದಕ್ಕೂ ಕೇಪಳದ ಹೂಗಿಡ ತಾನಾಗಿಯೇ ಬೆಳೆದಿದೆ. ಅದಕ್ಕೆ ಯಾರೂ ನೀರು ಹಾಕಿದ್ದಿಲ್ಲ, ಗೊಬ್ಬರ ಕೊಟ್ಟಿದ್ದಿಲ್ಲ. ಸೊಪ್ಪು ಕಡಿಯುವವರು ಕತ್ತಿಗೆ ಸಿಕ್ಕಿದ್ದನ್ನು ಸವರಿಕೊಂಡು ಹೋದರೂ ಮರುವರ್ಷ ಶಿವರಾತ್ರಿಯ ಹೊತ್ತಿಗೆ ಗಿಡದ ತುಂಬಾ ಕೆಂಪು ಗೊಂಚಲು ಇದ್ದೇ ಇರುತ್ತದೆ.

ಶಿವಮೊಗ್ಗದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಯಿತು. ಅಣ್ಣ ಗೂಟಿ ಕಟ್ಟಿ (ಗಿಡದಲ್ಲಿರುವ ರೆಂಬೆಗೇ ಮಣ್ಣು ಕಟ್ಟಿ) ಬೇರು ಬರಿಸಿಟ್ಟಿದ್ದ ಎರಡು ಕೇಪಳದ ಗಿಡಗಳನ್ನು ಕಳೆದ ಆರಿದ್ರಾ ಮಳೆಯಲ್ಲಿ ಇಲ್ಲಿಗೆ ತಂದೆ. ಎರಡೂ ಒಂದೇ ತಾಯಿಗಿಡದವು. ಒಂದನ್ನು ಕಾಂಪೌಂಡ್ ಗೋಡೆಯಿಂದ ಒಂದು ಗೇಣು ದೂರದಲ್ಲಿ ನೆಲಕ್ಕೆ ನೆಟ್ಟೆ. ಇನ್ನೊಂದನ್ನು ಊರಿನಿಂದಲೇ ಚೀಲದಲ್ಲಿ ತಂದ ಕೆಂಪು ಮಣ್ಣು ಹಾಗೂ ಕೊಳೆತ ದರಕು (ಉದುರಿದ ಒಣ ಎಲೆ) ತುಂಬಿದ ಮಣ್ಣಿನ ಕುಂಡದಲ್ಲಿಟ್ಟೆ. ಮಳೆಗಾಲವಿಡೀ ಎರಡೂ ಚೆನ್ನಾಗಿದ್ದವು. ದೀಪಾವಳಿಯ ನಂತರ ಗೋಡೆಯ ಬದಿಯ ಗಿಡದಲ್ಲಿ ಹೊಸದಾಗಿ ಬಂದ ಎಲೆಗಳು ಹಳದಿಯಾಗತೊಡಗಿದವು. ಎಲೆಯ ನರಗಳು ಮಾತ್ರ ಹಸಿರಾಗಿದ್ದು ಬಲೆಯಂತೆ ಎದ್ದು ಕಾಣುತ್ತವೆ, ನಡುವಿನ ಭಾಗವೆಲ್ಲ ಮಾಗಿದ ನಿಂಬೆಹಣ್ಣಿನ ಬಣ್ಣ. ತುದಿಯ ಜೋಡಿ ಎಲೆಗಳಂತೂ ಬೆಳ್ಳಗಾಗಿ ಅಂಚು ಸುಟ್ಟಂತಿವೆ. ಕೆಳಗಿನ ಹಳೆಯ ಎಲೆಗಳು ಮಾತ್ರ ಈಗಲೂ ಕಡುಹಸಿರು. ಸಂಕ್ರಾಂತಿಯವರೆಗೆ ಏನೂ ಆಗದಿದ್ದ ಕುಂಡದ ಗಿಡದಲ್ಲಿಯೂ ಈಗ ಕೊನೆಯ ಎರಡು ಜೋಡಿ ಎಲೆಗಳು ಅದೇ ದಾರಿ ಹಿಡಿದಿವೆ.

ಎರಡು ಸಲ ಕೊಟ್ಟಿಗೆ ಗೊಬ್ಬರ, ಒಮ್ಮೆ ನೆನೆಸಿದ ಕಡಲೆಹಿಂಡಿ, ಪಕ್ಕದ ಮನೆಯವರ ಮಾತು ಕೇಳಿ ಒಂದು ಚಮಚ ಯೂರಿಯಾ, ಇವಿಷ್ಟನ್ನು ಕೊಟ್ಟಿದ್ದೇನೆ. ತವರಿನ ಬಚ್ಚಲೊಲೆಯ ಬೂದಿಯನ್ನು ತಿಂಗಳಿಗೊಮ್ಮೆ ಒಂದೊಂದು ಹಿಡಿ ಹಾಕುತ್ತಿದ್ದೇನೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವುದರಿಂದ ಗಿಡಗಳಿಗೆ ಕೊಳವೆಬಾವಿಯ ನೀರೇ ಗತಿ. ಬೆಟ್ಟದಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಗಿಡ ಇಷ್ಟು ಆರೈಕೆಯಲ್ಲಿ ಸೊರಗುವುದೇಕೆ? ಇವನ್ನು ಕಿತ್ತು ನರ್ಸರಿಯ ಗಿಡ ತಂದು ನೆಡುವುದೇ ಸರಿಯೇ?

ಅಡಿಕೆಸಾಲು, ಶಿಕಾರಿಪುರ (ಮಾರ್ಚ್ 9)

ಎಲೆ ಹಳದಿಯಾದರೆ ಸಾರಜನಕದ ಕೊರತೆ ಎಂಬುದು ಸಾಮಾನ್ಯ ನಿಯಮ. ಒಂದು ಚಮಚ ಯೂರಿಯಾ ಯಾವ ಮೂಲೆಗೂ ಸಾಲದು. ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ 5 ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಟ್ಟು ನೋಡಿ. ಕುಂಡದ ತೂತು ಕಟ್ಟಿಕೊಂಡು ನೀರು ನಿಂತಿದೆಯೇ ಎಂಬುದನ್ನೂ ಪರೀಕ್ಷಿಸಿ.

ಕಾನುಹಕ್ಕಲು, ಸಾಗರ (ಮಾರ್ಚ್ 10)

ಶಿಕಾರಿಪುರದ ಮಿತ್ರರ ಸಲಹೆಯನ್ನು ಒಪ್ಪಲಾರೆ, ಅವರು ಬೇಸರಿಸಬಾರದು. ಸಾರಜನಕ ಕಡಿಮೆಯಾದಾಗ ಗಿಡವು ಹಳೆಯ ಎಲೆಗಳಲ್ಲಿರುವ ಸಾರಜನಕವನ್ನು ಹಿಂದಕ್ಕೆ ಎಳೆದುಕೊಂಡು ಚಿಗುರಿಗೆ ಕೊಡುತ್ತದೆ. ಆದ್ದರಿಂದ ಮೊದಲು ಹಳದಿಯಾಗುವುದು ಬುಡದ ಎಲೆ, ಅದೂ ನರಗಳ ಸಮೇತ. ಮೆಗ್ನೀಸಿಯಂ ಕೊರತೆಯಲ್ಲಿ ನರಗಳು ಹಸಿರಾಗಿ ಉಳಿಯುತ್ತವೆಯಾದರೂ ಅದು ಕೂಡ ಹಳೆಯ ಎಲೆಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕಬ್ಬಿಣದ ವಿಚಾರ ಇದಕ್ಕೆ ವಿರುದ್ಧ. ಒಮ್ಮೆ ಎಲೆಯಲ್ಲಿ ಸೇರಿದ ಕಬ್ಬಿಣ ಅಲ್ಲಿಂದ ಕದಲುವುದು ಬಹಳ ಕಡಿಮೆ, ಹಾಗಾಗಿ ಬೇರಿನಿಂದ ಬರುವುದು ನಿಂತ ಕ್ಷಣದಿಂದ ಹೊಸ ಎಲೆಗೆ ಉಪವಾಸ. ಚಿಗುರು ಹಳದಿ, ನರ ಹಸಿರು, ಹಳೆಯ ಎಲೆ ಕಡುಹಸಿರು ಎಂದು ತಾವು ಬರೆದಿರುವುದು ಕಬ್ಬಿಣದ ಕೊರತೆಯ ಲಕ್ಷಣವೇ.

ಆದರೆ ಕೊರತೆ ಇರುವುದು ಮಣ್ಣಿನಲ್ಲಲ್ಲ. ಕೇಪಳ ಹುಳಿ ಮಣ್ಣಿನ ಗಿಡ. ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಸಾವಿರಾರು ವರ್ಷಗಳ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ, ಅದರ ರಸಸಾರ (ಹುಳಿ-ಕ್ಷಾರದ ಅಳತೆಯಾದ ಪಿ.ಎಚ್., 7ಕ್ಕಿಂತ ಕಡಿಮೆಯಿದ್ದರೆ ಹುಳಿ) ಸಾಧಾರಣವಾಗಿ 5ರಿಂದ 6ರ ಆಸುಪಾಸಿನಲ್ಲಿರುತ್ತದೆ. ಈ ಗಿಡಕ್ಕೆ ಹಿತವಾದದ್ದು ಅದೇ. ರಸಸಾರ 7ನ್ನು ದಾಟಿದರೆ ಕಬ್ಬಿಣ ಕರಗದ ತುಕ್ಕಾಗಿ ಮಣ್ಣಿನಲ್ಲಿಯೇ ಕುಳಿತುಬಿಡುತ್ತದೆ, ಬೇರಿಗೆ ದಕ್ಕುವುದಿಲ್ಲ. ರಸಸಾರ ಒಂದು ಅಂಶ ಏರಿದರೆ ಕಬ್ಬಿಣ ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ ಎಂದರೆ ಈ ವ್ಯತ್ಯಾಸದ ಗಾತ್ರ ಅಂದಾಜಿಗೆ ಬಂದೀತು.

ಈಗ ತಮ್ಮ ಹಿತ್ತಿಲನ್ನು ನೋಡೋಣ. ಗೋಡೆ ಕಟ್ಟಿದ ಕಾಲದಲ್ಲಿ ಉದುರಿದ ಗಾರೆ, ಕಲಸಿ ಮಿಕ್ಕ ಸಿಮೆಂಟು, ಬಳಿದ ಸುಣ್ಣದ ಚೂರುಗಳನ್ನು ಗೋಡೆಯ ಬುಡದಲ್ಲಿಯೇ ಮುಚ್ಚಿ ಮೇಲೆ ನಾಲ್ಕು ಬುಟ್ಟಿ ಮಣ್ಣು ಎಳೆಯುವುದು ಎಲ್ಲ ಕಡೆಯೂ ಇರುವ ರೂಢಿ. ಹೊಸ ಕಾಂಕ್ರೀಟಿನ ರಸಸಾರ 12ಕ್ಕೂ ಮೇಲಿರುತ್ತದೆ. ಪ್ರತಿ ಮಳೆಗೂ, ಪ್ರತಿ ಸಲ ನೀರು ಹಾಕಿದಾಗಲೂ ಸುಣ್ಣ ಒಸರಿ ತಮ್ಮ ಗಿಡದ ಬೇರಿಗೆ ಬರುತ್ತದೆ. ಗೋಡೆಯ ಪಕ್ಕದ ಗಿಡ ಮೊದಲು ಕೆಟ್ಟಿದ್ದು ಆ ಕಾರಣಕ್ಕೆ. ಕುಂಡದ ಗಿಡ ಊರಿನ ಮಣ್ಣಿನಲ್ಲಿದ್ದುದರಿಂದ ಮಳೆಗಾಲದಲ್ಲಿಯೂ ಆನಂತರದ ಎರಡು ಮೂರು ತಿಂಗಳೂ ತಡೆದುಕೊಂಡಿತು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ದಿನದಿನವೂ ಸೇರಿ ಸಂಕ್ರಾಂತಿಯ ಹೊತ್ತಿಗೆ ಆ ಹುಳಿಯನ್ನೂ ತಿಂದುಹಾಕಿತು. ಕುಂಡದ ಹೊರಮೈಯಲ್ಲಿಯೂ ಅಂಚಿನಲ್ಲಿಯೂ ಬಿಳಿ ಪೊರೆ ಕಟ್ಟಿದೆಯೇ ನೋಡಿ.

ಬೂದಿಯ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಮಲೆನಾಡಿನವರ ಕೈ ಬೂದಿಗೆ, ಸುಣ್ಣಕ್ಕೆ ತಾನಾಗಿಯೇ ಹೋಗುತ್ತದೆ, ಏಕೆಂದರೆ ನಮ್ಮ ತೋಟದ ಹುಳಿ ಮಣ್ಣಿಗೆ ಅದು ಬೇಕು. ಅಡಿಕೆ ತೋಟಕ್ಕೆ ಸುಣ್ಣ ಕೊಡುವುದೂ ಬಾಳೆಯ ಬುಡಕ್ಕೆ ಬೂದಿ ಸುರಿಯುವುದೂ ಅಲ್ಲಿ ಸರಿಯಾದ ಬೇಸಾಯ. ಅದೇ ಅಭ್ಯಾಸವನ್ನು ಸಿಮೆಂಟಿನ ನಡುವಿನ ಹಿತ್ತಿಲಿಗೆ ತಂದರೆ, ಸುಣ್ಣ ಹೆಚ್ಚಾಗಿರುವಲ್ಲಿಗೆ ಇನ್ನಷ್ಟು ಸುಣ್ಣ ಸೇರಿಸಿದಂತೆ. ಬೂದಿಯನ್ನು ಇಂದೇ ನಿಲ್ಲಿಸಿ. ತಾವು ಗಿಡವನ್ನು ತಂದಿರಿ, ಅದರ ನೆಲವನ್ನು ಒಂದು ಕುಂಡದಷ್ಟು ಮಾತ್ರ ತಂದಿರಿ, ಅದಕ್ಕೂ ಬೂದಿ ಬೆರೆಸಿದಿರಿ.

ಒಂದು ಸುಲಭ ಪರೀಕ್ಷೆಯಿದೆ. ಗೋಡೆಯ ಬದಿಯ ಗಿಡದ ಬುಡದಿಂದ ಒಂದು ಗೇಣು ಆಳದ ಮಣ್ಣನ್ನು ತೆಗೆದು ಒಣಗಿಸಿ, ಸೌಟಿನಲ್ಲಿಟ್ಟು ನಿಂಬೆರಸ ಹಿಂಡಿ. ಬುರಬುರನೆ ನೊರೆ ಎದ್ದರೆ ಸುಣ್ಣ ಇದೆ ಎಂದು ತಿಳಿಯಿರಿ. ಅಂಕಿಯೇ ಬೇಕೆಂದರೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ತಾತ್ಕಾಲಿಕ ಉಪಶಮನಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ ಮತ್ತು ನಿಂಬೆ ಉಪ್ಪು 1 ಗ್ರಾಂ ಸೇರಿಸಿ, ಸಂಜೆಯ ಹೊತ್ತು ಚಿಗುರೆಲೆಗಳ ಎರಡೂ ಮಗ್ಗುಲು ನೆನೆಯುವಂತೆ ಸಿಂಪಡಿಸಿ. ನಿಂಬೆ ಉಪ್ಪನ್ನು ಮೊದಲು ಕರಗಿಸಿ, ಆಮೇಲೆ ಅನ್ನಭೇದಿ ಹಾಕಿ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಅದು ಕೆಟ್ಟಿತು, ಚೆಲ್ಲಿಬಿಡಿ. ಹತ್ತು ಹನ್ನೆರಡು ದಿನದ ಅಂತರದಲ್ಲಿ ಮೂರು ಸಲ ಸಾಕು. ಅನ್ನಭೇದಿಯನ್ನು ಸುಣ್ಣವಿರುವ ಮಣ್ಣಿಗೆ ಸುರಿಯುವುದು ವ್ಯರ್ಥ, ಅದು ಒಂದೆರಡು ದಿನಗಳಲ್ಲಿ ತುಕ್ಕಾಗಿ ಹೋಗುತ್ತದೆ. ಬುಡಕ್ಕೇ ಕೊಡಬೇಕೆಂದರೆ ಕೀಲೇಟ್ ರೂಪದ, ಅಂದರೆ ಬೇಗ ತುಕ್ಕಾಗದಂತೆ ಬೇರೊಂದು ವಸ್ತುವಿನೊಡನೆ ಕಟ್ಟಿಟ್ಟ ಕಬ್ಬಿಣ ಬೇಕು. ಅದರಲ್ಲಿಯೂ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇ.ಡಿ.ಟಿ.ಎ. ಬಗೆಯದು ಹುಳಿ ಮಣ್ಣಿನಲ್ಲಿ ಮಾತ್ರ ನಿಲ್ಲುತ್ತದೆ, ಸುಣ್ಣದ ಮಣ್ಣಿಗೆ ಇ.ಡಿ.ಡಿ.ಎಚ್.ಎ. ಬಗೆಯದನ್ನೇ ಕೇಳಿ ತರಬೇಕು.

ಹಿತ್ತಿಲುಮನೆ, ಶಿವಮೊಗ್ಗ (ಮಾರ್ಚ್ 14)

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಗೋಡೆಯ ಬದಿಯಲ್ಲಿ ಅಗೆದಾಗ ಅರ್ಧ ಅಡಿಯೊಳಗೆ ಹಿಡಿಗಾತ್ರದ ಸಿಮೆಂಟಿನ ಮುದ್ದೆಗಳು, ಸುಣ್ಣದ ಹಕ್ಕಳೆಗಳು ಸಿಕ್ಕಿದವು. ನಿಂಬೆರಸ ಬಿದ್ದೊಡನೆ ಮಣ್ಣು ಸೋಡಾ ಶರಬತ್ತಿನಂತೆ ಸದ್ದು ಮಾಡಿತು. ಕುಂಡದ ಮೇಲ್ಮಣ್ಣು ನೊರೆ ಬಿಡಲಿಲ್ಲವಾದರೂ ಕುಂಡದ ಅಂಚಿನಿಂದ ಕೆರೆದ ಬಿಳಿ ಪೊರೆ ಬಿಟ್ಟಿತು.

ಎರಡು ಸಂದೇಹಗಳಿವೆ. ಊರಿನ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಕುಂಡದ ತುಂಬಾ ಕಬ್ಬಿಣವಿದ್ದೂ ಗಿಡ ಉಪವಾಸ ಬೀಳುವುದೆಂದರೆ ಹೇಗೆ? ಇನ್ನೊಂದು, ಗೋಡೆಯ ಬದಿಯ ಗಿಡವನ್ನು ಅಲ್ಲಿಯೇ ಉಳಿಸಿಕೊಂಡು ಮಣ್ಣನ್ನು ಹುಳಿ ಮಾಡಲು ಸಾಧ್ಯವಿಲ್ಲವೇ? ಅಂಗಡಿಯವರು ಗಂಧಕದ ಪುಡಿ ಹಾಕಿ ಎಂದರು.

ಕಾನುಹಕ್ಕಲು, ಸಾಗರ (ಮಾರ್ಚ್ 14)

ಕೆಂಪು ಬಣ್ಣ ಕಬ್ಬಿಣದ್ದೇ, ಆದರೆ ಅದು ತುಕ್ಕಿನ ರೂಪದಲ್ಲಿದೆ. ಕಣಜದ ತುಂಬಾ ಭತ್ತವಿದ್ದು ಬಾಗಿಲ ಬೀಗದ ಕೈ ಕಳೆದುಹೋದಂತಹ ಸ್ಥಿತಿ ಅದು. ಮಣ್ಣು ಹುಳಿಯಾಗಿದ್ದಾಗ ಅದರಲ್ಲಿ ಅತ್ಯಲ್ಪ ಭಾಗ ಕರಗಿ ಬೇರಿಗೆ ಸಿಗುತ್ತದೆ, ಗಿಡಕ್ಕೆ ಬೇಕಾದದ್ದೂ ಅಷ್ಟೇ.

ಗಂಧಕ ಕೆಲಸ ಮಾಡುತ್ತದೆ, ಆದರೆ ನೇರವಾಗಿ ಅಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಆಮ್ಲವಾಗಿಸಲು ತೇವ, ಬಿಸುಪು ಮತ್ತು ತಿಂಗಳುಗಳ ಕಾಲ ಬೇಕು. ಚದರ ಮೀಟರಿಗೆ 50 ಗ್ರಾಂ ಬೆರೆಸಿ ಮೂರು ತಿಂಗಳು ಕಾದು ನೋಡುವುದು ಸಾಮಾನ್ಯ ಮಣ್ಣಿಗೆ ಸರಿಯಾದ ಕ್ರಮ. ಸಿಮೆಂಟಿನ ಮುದ್ದೆಗಳೇ ಹೂತಿರುವ ಜಾಗದಲ್ಲಿ ಹುಟ್ಟಿದ ಆಮ್ಲವನ್ನೆಲ್ಲ ಅವೇ ನುಂಗುತ್ತವೆ. ಗೋಡೆಯೊಡನೆ ಜಗಳಕ್ಕೆ ನಿಲ್ಲಬೇಡಿ, ಗಿಡವನ್ನು ಬೇರುಸಹಿತ ಎಬ್ಬಿಸಿ ಬೇರೆಡೆ ನೆಡಿ.

ಸಸಿಮಡಿ, ತೀರ್ಥಹಳ್ಳಿ (ಮಾರ್ಚ್ 16)

ಇಪ್ಪತ್ತು ವರ್ಷಗಳಿಂದ ಸಣ್ಣ ನರ್ಸರಿ ನಡೆಸುತ್ತಿದ್ದೇನೆ, ಆದ್ದರಿಂದ ‘ನರ್ಸರಿಯ ಗಿಡ ತರಲೇ’ ಎಂಬ ಪ್ರಶ್ನೆಗೆ ವ್ಯಾಪಾರ ಮರೆತು ಉತ್ತರಿಸುವುದು ಧರ್ಮ. ನಮ್ಮಲ್ಲಿ ಬಂದು ‘ಇಕ್ಸೋರಾ’ ಕೇಳುವ ಅನೇಕರಿಗೆ ಅದು ತಮ್ಮ ಬೆಟ್ಟದ ಕೇಪಳವೇ ಎಂದು ಗೊತ್ತಿರುವುದಿಲ್ಲ. ಲಿನೇಯಸ್ 1753ರಲ್ಲಿ ಇಟ್ಟ ಆ ಹೆಸರು ಕೂಡ ನಮ್ಮ ‘ಈಶ್ವರ’ ಶಬ್ದದಿಂದಲೇ ಹೊರಟದ್ದು. ಕಾಡಿನ ಕೆಂಪು ಕೇಪಳ ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ಮೂಲನಿವಾಸಿ. ಅದರ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು, ಕಾಂಡಕ್ಕೇ ಒತ್ತಿ ಕುಳಿತಿರುತ್ತದೆ, ನಾಲ್ಕು ಎಸಳುಗಳ ತುದಿ ಚೂಪು. ಚೀನಾ ಮೂಲದ ಜಾತಿಯಲ್ಲಿ ಎಲೆಗೆ ಗಿಡ್ಡ ತೊಟ್ಟಿದ್ದು ಎಸಳಿನ ತುದಿ ದುಂಡಗಿರುತ್ತದೆ. ಬೇಲಿಗೆಂದು ಮಾರುವ ಕುಬ್ಜ ತಳಿಗಳು ಬೇರೆ. ಇವೆಲ್ಲವೂ ಹುಳಿ ಮಣ್ಣನ್ನೇ ಬಯಸುತ್ತವೆ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದು ಹೂವಿನೊಡನೆ ಬರುವ ನಮ್ಮ ಗಿಡವೂ ತಮ್ಮ ಗೋಡೆಯ ಬುಡದಲ್ಲಿ ಆರು ತಿಂಗಳಿಗೆ ಇದೇ ಬಣ್ಣಕ್ಕೆ ತಿರುಗುತ್ತದೆ. ಇರುವುದನ್ನೇ ಉಳಿಸಿಕೊಳ್ಳಿ.

ಈಗ ಬಿಸಿಲಿನಲ್ಲಿ ಎಬ್ಬಿಸಬೇಡಿ. ಸಿಂಪಡಿಸಿಕೊಂಡು ಮಳೆ ಹಿಡಿಯುವವರೆಗೆ ತಳ್ಳಿ. ಜೂನ್‌ನಲ್ಲಿ ಗೋಡೆಯಿಂದ ಕನಿಷ್ಠ ನಾಲ್ಕಡಿ ದೂರ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ನೆರಳಿನಲ್ಲಿ ಗಿಡ ಬದುಕುತ್ತದೆ, ಎಲೆ ಬಿಡುತ್ತದೆ, ಹೂವಿನ ಮಟ್ಟಿಗೆ ಮಾತ್ರ ಜಿಪುಣತನ ತೋರಿಸುತ್ತದೆ. ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಯಿಂದ ಇದ್ದ ಮಣ್ಣನ್ನು ಪೂರ್ತಿ ತೆಗೆದು, ಊರಿನ ಕೆಂಪು ಮಣ್ಣು ಎರಡು ಪಾಲು, ಕೊಳೆತ ದರಕು ಒಂದು ಪಾಲು, ಮರಳು ಅರ್ಧ ಪಾಲು ತುಂಬಿ, ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿ ನೆಡಿ. ಧರೆಯ ಇಳುಕಲಿನಲ್ಲಿ ಬೆಳೆಯುವ ಗಿಡವಾದ್ದರಿಂದ ಎಷ್ಟೇ ಮಳೆ ಸುರಿದರೂ ಅದರ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಅಗಳಿನಲ್ಲಿ ಕೇಪಳ ಬೆಳೆದದ್ದನ್ನು ನಾನಂತೂ ಕಂಡಿಲ್ಲ. ಬುಡಕ್ಕೆ ದರಕಿನ ಹೊದಿಕೆ ಸದಾ ಇರಲಿ.

ನೀರಿನ ಸಮಸ್ಯೆಗೆ ಚಾವಣಿಯ ಮಳೆನೀರನ್ನು ಒಂದೆರಡು ಡ್ರಮ್ಮುಗಳಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕಿಂತ ಉತ್ತಮ ದಾರಿಯಿಲ್ಲ. ಅದು ಮುಗಿದ ಮೇಲೆ ನಲ್ಲಿ ನೀರನ್ನು ಈ ಎರಡು ಗಿಡಗಳಿಗೆ ಮೀಸಲಿಡಿ. ಕುಡಿಯುವ ನೀರನ್ನು ಶುದ್ಧೀಕರಿಸುವ ಆರ್.ಒ. ಯಂತ್ರದಿಂದ ಹೊರಗೆ ಬೀಳುವ ನೀರನ್ನು ಮಿತವ್ಯಯದ ಹೆಸರಿನಲ್ಲಿ ಗಿಡಕ್ಕೆ ಹಾಕುವವರಿದ್ದಾರೆ. ಕೊಳವೆಬಾವಿಯ ಲವಣವೆಲ್ಲ ಗಟ್ಟಿಯಾಗಿ ಅದರಲ್ಲಿಯೇ ಇರುತ್ತದೆ, ಕೇಪಳಕ್ಕೆ ಅದು ವಿಷವೇ ಸರಿ.

ಮುಂಜಾಗ್ರತೆಗೆ ನಾಲ್ಕು ಕಡ್ಡಿಗಳನ್ನೂ ನೆಟ್ಟುಕೊಳ್ಳಿ. ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತು ಬೆಳ್ಳಗಾಗಿಯೂ ಇಲ್ಲದ, ಪೆನ್ಸಿಲಿನ ದಪ್ಪದ ರೆಂಬೆಯನ್ನು ಊರಿನ ಗಿಡದಿಂದಲೇ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ತುಂಡರಿಸಿ. ಗೆಣ್ಣಿನ ಕೆಳಗೇ ಕತ್ತರಿಸಬೇಕು. ಕೆಳಗಿನ ಎಲೆ ತೆಗೆದು, ಮೇಲಿನ ಜೋಡಿಯನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ನಾರಿನ ಪುಡಿ ಸಮವಾಗಿ ಬೆರೆಸಿದ್ದರಲ್ಲಿ ಊರಿ. ಬೇರು ಬರಿಸುವ ಪುಡಿ ಇದ್ದರೆ ಒಳ್ಳೆಯದು. ಪುನರ್ವಸು, ಪುಷ್ಯ ಮಳೆಗಳ ಕಾಲವೇ ಸೂಕ್ತ, ಆದರೆ ಸೂರಿನ ನೀರು ನೇರವಾಗಿ ಬೀಳುವಲ್ಲಿ ಇಟ್ಟರೆ ಕಡ್ಡಿ ಬುಡದಿಂದ ಕಪ್ಪಾಗಿ ಕೊಳೆಯುತ್ತದೆ. ಆರೇಳು ವಾರಗಳಲ್ಲಿ ಬೇರು ಬರುತ್ತದೆ, ಅಷ್ಟರೊಳಗೆ ಎಳೆದು ನೋಡುವ ಚಪಲ ಬೇಡ. ಬೆಟ್ಟದಿಂದ ದೊಡ್ಡ ಗಿಡವನ್ನೇ ಕಿತ್ತು ತರುವುದು ಬಹುಪಾಲು ಸೋಲುವ ಕೆಲಸ, ಕಲ್ಲಿನ ಸಂದಿಗೆ ಇಳಿದ ಅದರ ಬೇರು ಕೈಗೆ ಬರುವುದಿಲ್ಲ.

ಸವರುವ ಬಗ್ಗೆ ಒಂದು ಮಾತು. ಕೇಪಳದ ಹೂಗೊಂಚಲು ರೆಂಬೆಯ ತುದಿಯಲ್ಲಿಯೇ ಬರುತ್ತದೆ. ಬೇಲಿ ಚೆಂದ ಕಾಣಲೆಂದು ತಿಂಗಳಿಗೊಮ್ಮೆ ಕತ್ತರಿ ಆಡಿಸುವವರು ಮೊಗ್ಗನ್ನೇ ಕತ್ತರಿಸುತ್ತಿರುತ್ತಾರೆ. ಬೇಸಿಗೆಯ ಹೂವು ಮುಗಿದ ಮೇಲೆ, ಮಳೆಗೆ ಮುಂಚೆ, ವರ್ಷಕ್ಕೊಮ್ಮೆ ಸವರಿದರೆ ಸಾಕು. ತವರಿನಲ್ಲಿ ಸೊಪ್ಪಿನ ಕತ್ತಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ.

ತೋಟದಮನೆ, ಕೊಪ್ಪ (ಮಾರ್ಚ್ 17)

ಮೇಲಿನ ಇಬ್ಬರೂ ಮುಖ್ಯವಾದುದನ್ನೆಲ್ಲ ಹೇಳಿದ್ದಾರೆ. ಬೂದಿ ನಿಲ್ಲಿಸಿದಾಗ ಅದರೊಡನೆ ಬರುತ್ತಿದ್ದ ಪೊಟ್ಯಾಷ್ ಕೂಡ ನಿಲ್ಲುತ್ತದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಮುಂದೆ ಹಳೆಯ ಎಲೆಗಳ ಮೇಲೆ ಕೆಂಗಂದು ಚುಕ್ಕೆಗಳು ಕಾಣಿಸಿಕೊಂಡರೆ ರೋಗವೆಂದು ಔಷಧಿ ಹೊಡೆಯಬೇಡಿ. ಕೇಪಳದಲ್ಲಿ ಪೊಟ್ಯಾಷ್ ಕೊರತೆ ಹಾಗೆ ಕಾಣುತ್ತದೆ. ಸಲ್ಫೇಟ್ ಆಫ್ ಪೊಟ್ಯಾಷ್ ಒಂದು ಚಮಚ, ಮಳೆಗಾಲದ ಮೊದಲೊಮ್ಮೆ ಆಮೇಲೊಮ್ಮೆ ಕೊಟ್ಟರೆ ಮಣ್ಣಿನ ಹುಳಿಗೆ ಧಕ್ಕೆಯಿಲ್ಲ.

ಬೇಸಿಗೆಯಲ್ಲಿ ಗೊಂಚಲಿನ ಬುಡದಲ್ಲಿ ಹಿಟ್ಟುತಿಗಣೆ ಕೂರುತ್ತದೆ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಮಸಿ ಹಚ್ಚಿದಂತೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗಿಡದ ಮೇಲೆ ಇರುವೆಯ ಸಾಲು ಹತ್ತಿಳಿಯುತ್ತಿದ್ದರೆ ತಿಗಣೆ ಇದೆ ಎಂದೇ ಅರ್ಥ, ಏಕೆಂದರೆ ಆ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ನಮ್ಮಲ್ಲಿ ಚಗಳಿ ಎಂಬ ಕಚ್ಚುವ ಕೆಂಪಿರುವೆ ಈ ಕಾವಲು ನಡೆಸುತ್ತದೆ, ಕೈ ಹಾಕಿದವರಿಗೆ ಅದರ ರುಚಿ ಗೊತ್ತು. ಜೋರು ನೀರಿನಿಂದ ತೊಳೆದು, ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಕದಡಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹೂವನ್ನು ತಂಬುಳಿಗೆ ಬಳಸುವ ಅಭ್ಯಾಸ ತಮ್ಮ ಮನೆಯಲ್ಲಿಯೂ ಇರಬಹುದು. ಬೇವಿನೆಣ್ಣೆಯಾಗಲಿ ಅನ್ನಭೇದಿಯಾಗಲಿ ಬಿದ್ದ ಗೊಂಚಲನ್ನು ಅಡುಗೆಗೆ ಕೊಯ್ಯಬೇಡಿ, ಆನಂತರ ಅರಳಿದ್ದನ್ನು ಕೊಯ್ಯಿರಿ. ಮಕ್ಕಳಿಗೂ ಹೇಳಿಡಿ. ಹೂವಿನ ನಡುವಿನ ಎಳೆಯನ್ನು ಹಿಂದಿನಿಂದ ಮೆಲ್ಲನೆ ಎಳೆದು ತುದಿಯ ಜೇನಹನಿ ಚೀಪುವುದನ್ನು ಯಾರೂ ಅವರಿಗೆ ಕಲಿಸಬೇಕಾಗಿಲ್ಲ.

ಹಿತ್ತಿಲುಮನೆ, ಶಿವಮೊಗ್ಗ (ಜೂನ್ 30)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಮೊದಲ ಸಿಂಪಡಣೆಯಾಗಿ ಒಂದು ವಾರದ ಹೊತ್ತಿಗೆ ಹಳದಿ ಎಲೆಗಳ ಮೇಲೆ ಸಾಸಿವೆಕಾಳಿನಷ್ಟು ಹಸಿರು ಚುಕ್ಕೆಗಳು ಮೂಡಿದವು. ಹನಿ ಎಲ್ಲೆಲ್ಲಿ ಕುಳಿತಿತ್ತೋ ಅಲ್ಲಲ್ಲಿ ಮಾತ್ರ ಹಸಿರು, ಉಳಿದದ್ದು ಹಾಗೆಯೇ ಹಳದಿ. ಕಬ್ಬಿಣ ಕದಲುವುದಿಲ್ಲ ಎಂದು ಸಾಗರದವರು ಬರೆದಿದ್ದು ಕಣ್ಣಾರೆ ಕಂಡಂತಾಯಿತು. ಎರಡನೆಯ ಸಲ ಒಂದೆರಡು ಹನಿ ಸೋಪಿನ ನೀರು ಬೆರೆಸಿ ಸಣ್ಣ ಹನಿಯ ಪಂಪಿನಿಂದ ಸಿಂಪಡಿಸಿದ ಮೇಲೆ ಬಣ್ಣ ಸಮವಾಗಿ ಹರಡಿತು. ಸಿಂಪಡಿಸುವಾಗ ಜಗುಲಿಯ ಮುಂದಿನ ಸಿಮೆಂಟು ನೆಲದ ಮೇಲೆ ಬಿದ್ದ ಹನಿಗಳು ತುಕ್ಕಿನ ಕಲೆಯಾಗಿ ಉಳಿದಿವೆ. ಈ ಎಚ್ಚರಿಕೆಯನ್ನು ಯಾರೂ ಕೊಡಲಿಲ್ಲವಲ್ಲ ಎಂದು ಮನೆಯವರು ಇನ್ನೂ ಹೇಳುತ್ತಿರುತ್ತಾರೆ.

ಕುಂಡದ ಮಣ್ಣನ್ನು ಏಪ್ರಿಲ್‌ನಲ್ಲಿ ಬದಲಿಸಿದೆ. ಆ ಗಿಡದ ಹೊಸ ಎಲೆಗಳು ಈಗ ಪೂರ್ತಿ ಹಸಿರಾಗಿದ್ದು ಎರಡು ರೆಂಬೆಗಳ ತುದಿಯಲ್ಲಿ ಮೊಗ್ಗಿನ ಗಂಟು ಕಾಣಿಸಿದೆ. ಗೋಡೆಯ ಬದಿಯದನ್ನು ಕಳೆದ ವಾರ ಎಬ್ಬಿಸಿ, ಅಣ್ಣ ತಂದ ನಾಲ್ಕು ಚೀಲ ಮಣ್ಣಿನಲ್ಲಿ ಅಂಗಳದ ನಡುವಿಗೆ ನೆಟ್ಟಿದ್ದೇವೆ. ಎಬ್ಬಿಸುವಾಗ ಗೋಡೆಯ ಕಡೆಗೆ ಒಂದೂ ಬೇರು ಹೋಗಿರಲಿಲ್ಲ, ಇದ್ದವೆಲ್ಲ ಅಂಗಳದ ಕಡೆಗೇ ತಿರುಗಿದ್ದವು. ಸದ್ಯ ಎಲೆ ಬಾಡಿದೆ, ಆದರೆ ಉದುರಿಲ್ಲ. ಆರು ಕಡ್ಡಿಗಳನ್ನು ಪುನರ್ವಸುವಿಗೆ ಊರಲು ಮರಳು ಜರಡಿ ಹಿಡಿದಿಟ್ಟುಕೊಂಡಿದ್ದೇನೆ. ಗೋಡೆಯ ಬುಡದ ಆ ಖಾಲಿ ಜಾಗಕ್ಕೆ ಸುಣ್ಣವನ್ನು ಸಹಿಸುವ ಹೂಗಿಡ ಯಾವುದಿದೆ ಎಂಬುದನ್ನು ಬಲ್ಲವರು ತಿಳಿಸಬೇಕು.

ಸಸಿಮಡಿ, ತೀರ್ಥಹಳ್ಳಿ (ಜೂನ್ 30)

ಕಣಗಿಲೆ ನೆಡಿ, ಅದಕ್ಕೆ ಗಾರೆಯ ಗೊಡವೆಯಿಲ್ಲ. ಹಾಲು ವಿಷವಾದ್ದರಿಂದ ದನಕರು, ಮಕ್ಕಳು ಬಾಯಿ ಹಾಕುವಂತಿದ್ದರೆ ಬೇಡ, ಆಗ ಕಾಗದದ ಹೂವಿನ ಬಳ್ಳಿ ಆದೀತು. ಬಾಡಿದ ಕೇಪಳದ ಎಲೆಗಳಲ್ಲಿ ಅರ್ಧವನ್ನು ಇಂದೇ ಕತ್ತರಿಸಿ ತೆಗೆಯಿರಿ, ಬೇರು ಹಿಡಿಯುವವರೆಗೆ ಅಷ್ಟು ಎಲೆಗಳಿಗೆ ನೀರು ಒದಗಿಸುವುದು ಗಿಡಕ್ಕೆ ಭಾರ.